ಕುಂಸಿ, ಒಂದಕ್ಕೆ ಎಂಬತ್ತೇಳು

ದುರ್ಗಿಗುಡಿಯ ಮಹಡಿಯಲ್ಲಿ ನನ್ನ ಹಲ್ಲಿನ ಲ್ಯಾಬು.
ದವಡೆ ಅಚ್ಚಿಗೆ ಕಲಸಿ ಉಳಿದ ಪ್ಲಾಸ್ಟರು
ಸಂಜೆ ಆರರ ಮೇಲೆ ಗುಡ್ಡವಾಗುತ್ತದೆ,
ಕುಂಸಿಯಿಂದ ಅರಸಾಳಿನ ಕಡೆ ಏರುವ ಗುಡ್ಡ.
ಒಣಗುವ ಮುಂಚೆ ಹೆಬ್ಬೆರಳು ಒತ್ತಿದರೆ ಹಳ್ಳ.

ಹಳಿಗೆ ಹಲ್ಲಿನ ಕ್ಲಿಪ್ಪಿನ ತಂತಿ.
ಸ್ಲೀಪರಿಗೆ ಬೆಂಕಿಕಡ್ಡಿ, ತಲೆ ಮುರಿದು,
ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿದ್ದು.
ಜಲ್ಲಿಗೆ ಮೊದಲು ರವೆ ಹಾಕಿದ್ದೆ,
ಇರುವೆಗಳು ಒಂದೇ ರಾತ್ರಿಗೆ
ಆನಂದಪುರದವರೆಗೂ ಸಾಗಿಸಿಬಿಟ್ಟವು.
ಈಗ ಮೊಟ್ಟೆಯ ಸಿಪ್ಪೆ.

ಇಂಜಿನ್ನಿನ ಹೊಟ್ಟೆಯಲ್ಲಿ ಹಳೆಯ ಟೇಪ್ ರೆಕಾರ್ಡರಿನ ಮೋಟಾರು.
ಒಂದು ಸುತ್ತಿಗೆ ನಲವತ್ತು ಸೆಕೆಂಡು.
ಬೋಗಿಗಳಿಗೆ ಇಟ್ಟಿಗೆ ಬಣ್ಣ ಮೂರು ಸಲ ಬಳಿದೆ,
ಮೂರು ಸಲವೂ ಅದು ಆ ಬಣ್ಣವಲ್ಲ.

ಕಿಟಕಿಗಳೆಲ್ಲ ಖಾಲಿ, ಒಂದನ್ನು ಬಿಟ್ಟು.
ಅಲ್ಲೊಬ್ಬ, ಅಕ್ಕಿಕಾಳಿನಷ್ಟು, ಕೈ ಹೊರಗೆ ಚಾಚಿದ್ದಾನೆ.
ಹುರಿಗಾಳಿನ ಪೊಟ್ಟಣ ಇಸಕೊಂಡು
ಗಾಡಿ ಬಿಟ್ಟಾಗ ನಾಲ್ಕಾಣೆ ಕೊಡದೇ ಹೋದವನು.
ಪ್ಲಾಟ್‌ಫಾರಮ್ಮಿನ ಮೇಲೆ ನಮ್ಮವ್ವ ಗುತ್ಯಮ್ಮ,
ಸೊಂಟದ ಮೇಲೆ ಬುಟ್ಟಿ.
ಮುಂದೆ ಓಡುತ್ತಿರುವ ನಾನು,
ಒಂದು ಕಾಲು ಸದಾ ನೆಲ ಬಿಟ್ಟು.
ಆ ಸಾಲ ನಲವತ್ತು ಸೆಕೆಂಡಿಗೊಮ್ಮೆ
ನಮ್ಮೆದುರೇ ಹಾದುಹೋಗುತ್ತದೆ.

ಮೊನ್ನೆ ದಸ್ತಗೀರ್ ಸಾಬರು ಬಂದರು,
ಸೀಳುಬಿಟ್ಟ ಹಲ್ಲಿನ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು.
ಅಂಟು ಒಣಗಲು ಒಂದು ಗಂಟೆ. ಕೂತರು.
ಒಳಕೋಣೆಯ ಮೇಜು ಕಂಡಿತು. ಎದ್ದರು.
ಬಗ್ಗಿ, ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ ನೋಡಿದರು.
'ನೀರಿನ ಟ್ಯಾಂಕು ಆ ಕಡೆ ಅಲ್ಲ, ಈ ಕಡೆ.
ಹದಿನೆಂಟು ವರ್ಷ ಇದೇ ದಾರೀಲಿ ಫೈರ್‌ಮನ್ ಆಗಿದ್ದೆ.'
ನಾನು ವಾದ ಮಾಡಿದೆ. ಅವರು ಮಾಡಲಿಲ್ಲ.
'ಇಷ್ಟು ಜೋರಾಗೆಲ್ಲ ಹೋಗ್ತಿರಲಿಲ್ಲ ಮಾರಾಯ,
ಈ ಏರಿನಲ್ಲಿ ಜನ ಇಳಿದು, ಉಚ್ಚೆ ಹೊಯ್ದು,
ಮತ್ತೆ ಹತ್ತುತ್ತಿದ್ದರು.'

ಆಗ ಕರೆಂಟು ಹೋಯಿತು.
ಕುಂಸಿ ದಾಟಿ, ಅರಸಾಳು ಮುಟ್ಟದೆ,
ಪ್ಲಾಸ್ಟರು ಕಾಡಿನ ನಡುವೆ ಗಾಡಿ ನಿಂತಿತು.
ಕೆಳಗೆ ಅಂಗಡಿಗಳ ಜನರೇಟರುಗಳು
ಒಂದೊಂದಾಗಿ ಗುರುಗುಟ್ಟತೊಡಗಿದವು.
ಮೇಣದಬತ್ತಿ ಹುಡುಕಲು ಹೊರಟವನನ್ನು ತಡೆದರು:
'ಇರಲಿ. ಕ್ರಾಸಿಂಗ್ ಇರಬೇಕು.'

ಕತ್ತಲಲ್ಲಿ, ಹಲ್ಲಿಲ್ಲದ ಬಾಯಿಂದ, ಮಾತು ಮೆತ್ತಗೆ ಬಂತು.
'ಬುಟ್ಟಿಯವಳು ಯಾರು ಅಂತ ಗೊತ್ತು ನನಗೆ.
ಇಂಜಿನ್ನಿನವರ ದುಡ್ಡು ಮುಟ್ಟುತ್ತಿರಲಿಲ್ಲ ಆಕೆ.
ಕೊಡಹೋದರೆ ಬೈಗುಳ.
ಅದಕ್ಕೇ ಔಟರ್ ಸಿಗ್ನಲ್ ದಾಟುವಾಗ
ಸಲಿಕೆ ಒಂಚೂರು ವಾಲಿಸುತ್ತಿದ್ದೆ.
ಎರಡೋ ಮೂರೋ ಕಲ್ಲಿದ್ದಲು.
ಡ್ರೈವರು ಆ ಹೊತ್ತಿಗೆ ಆಕಾಶ ನೋಡುತ್ತಿದ್ದರು.'

ನಾನು ಮಾತಾಡಲಿಲ್ಲ.
ದಿನಾ ಬೆಳಿಗ್ಗೆ ಸ್ಕೂಲಿಗೆ ಮೊದಲು
ಆ ಕಂಬದ ಬುಡದಲ್ಲಿ ಆಯ್ದವನು ನಾನೇ.
ತಾನಾಗಿ ಬಿದ್ದದ್ದು ಅಂದುಕೊಂಡಿದ್ದೆ,
ನನ್ನ ಕಣ್ಣು ಚುರುಕು ಅಂತ ಬೀಗಿದ್ದೆ,
ಚಡ್ಡಿಯ ಜೇಬು ಕಪ್ಪಾದದ್ದಕ್ಕೆ ಅವ್ವನಿಂದ ಬೈಸಿಕೊಂಡಿದ್ದೆ.
ಅದೇ ಕೆಂಡದ ಮೇಲೆ ಮಾರನೆಯ ದಿನದ ಕಾಳು ಹುರಿಯುತ್ತಿದ್ದಳು.
ಅವಳಿಗೆ ಗೊತ್ತಿತ್ತೇ?
ಕೇಳಲು ಹನ್ನೊಂದು ವರ್ಷ ತಡವಾಗಿದೆ.

ಕರೆಂಟು ಬಂತು. ಗಾಡಿ ತಾನೇ ಹೊರಟಿತು,
ನಾವು ಯಾರೂ ಹಸಿರು ಬಾವುಟ ತೋರಿಸುವ ಮುಂಚೆ.
ಸಾಬರು ಸೆಟ್ಟು ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ,
ಎಷ್ಟಾಯಿತು ಅಂದರು.
ಬೈದೆ.

ಟ್ಯಾಂಕು ಇನ್ನೂ ಆ ಕಡೆಯೇ ಇದೆ.
ಔಟರ್ ಸಿಗ್ನಲ್ಲಿನ ಬುಡದಲ್ಲಿ ಮಾತ್ರ
ಮೂರು ಸಾಸಿವೆ ಕಾಳು ಇಟ್ಟೆ, ಅಂಟು ಹಾಕದೆ.
ಬೆಳಿಗ್ಗೆ ನೋಡಿದರೆ
ಎರಡಿದ್ದವು.